ಶೆಡ್‌ಗೆ ಫೋಮ್ ಬೋರ್ಡ್ ಕತ್ತರಿಸಿದ್ದು: ನನ್ನ ಅನುಭವ

ರಾಯಚೂರಿನ ಬಿಸಿಲು ಗೊತ್ತಲ್ವಾ. ಮನೆ ಹಿಂದಿನ ತಗಡಿನ ಶೆಡ್‌ನಲ್ಲಿ ಅಪ್ಪ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾರೆ, ಮಧ್ಯಾಹ್ನ ಅಲ್ಲಿ ಹತ್ತು ನಿಮಿಷ ಕೂರೋಕೂ ಆಗುತ್ತಿರಲಿಲ್ಲ, ಅದಕ್ಕೇ ತಗಡಿನ ಕೆಳಗೆ ಕೂರಿಸಲು 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಬೋರ್ಡ್ (ಬಿಸಿ ತಡೆಯುವ ಗಟ್ಟಿ ಫೋಮ್ ಹಲಗೆ) ತರಿಸಿದೆ.

ಮೊದಲು ಗರಗಸದಲ್ಲಿ ಕೊಯ್ದೆ. ಅಂಚೆಲ್ಲ ಕಿತ್ತುಬಂತು, ಪುಡಿ ಮೈಗೆಲ್ಲ ಅಂಟಿತು. ಆಮೇಲೆ ಕಟರ್ ಹಿಡಿದೆ. ಒಂದೇ ಸಲಕ್ಕೆ ಕತ್ತರಿಸಲು ಹೋದಾಗ ಬ್ಲೇಡ್ ವಾಲಿ ಅಂಚು ಓರೆಯಾಯಿತು. ಕೊನೆಗೆ ಕಬ್ಬಿಣದ ಪಟ್ಟಿ ಇಟ್ಟು, ಅದೇ ಗೆರೆಯ ಮೇಲೆ ಮೂರು ನಾಲ್ಕು ಸಲ ಹಗುರವಾಗಿ ಎಳೆದು, ಅರ್ಧಕ್ಕಿಂತ ಜಾಸ್ತಿ ಆಳ ಹೋದ ಮೇಲೆ ಗೆರೆಯನ್ನು ಮೇಜಿನ ಅಂಚಿಗೆ ತಂದು ಒತ್ತಿದೆ. ಟಪ್ ಅಂತ ನೇರವಾಗಿ ಮುರಿಯಿತು! ಬ್ಲೇಡ್ ಮೊಂಡಾದರೆ ಬೋರ್ಡ್ ಕಿರ್ ಅನ್ನುತ್ತದೆ, ಆಗಲೇ ತುದಿ ಮುರಿದು ಹೊಸದು ತೆಗೆಯಿರಿ.

ಅಳತೆಗಿಂತ 5 ಮಿ.ಮೀ. ಕಡಿಮೆ ಕತ್ತರಿಸಿ ಸಂದಿಗೆ ಸ್ಪ್ರೇ ಫೋಮ್ ತುಂಬಿದೆ. ಸುಮ್ನೆ ಬಿಗಿಯಾಗಿ ತುರುಕಿದರೆ ಮೂಲೆ ಮುರಿಯುತ್ತದೆ. ಚಪ್ಪಲಿಗೆ ಹಾಕುವ ಗಮ್ ಮಾತ್ರ ಬೇಡ, ಅದು ಫೋಮನ್ನೇ ಕರಗಿಸುತ್ತದೆ. ಈ ಬೋರ್ಡ್‌ಗೆ ಬೆಂಕಿಯೂ ಬೇಗ ಹತ್ತುತ್ತದೆ, ಹಾಗಾಗಿ ಕೆಳಗೆ ಸಿಮೆಂಟ್ ಶೀಟ್ ಹೊದಿಸಿ, ವೈರನ್ನೆಲ್ಲ ಪೈಪಿನೊಳಗೆ ಹಾಕಿಸಿದೆ. ಈಗ ಅಪ್ಪ ಮಧ್ಯಾಹ್ನ ಮೂರು ಗಂಟೆಗೂ ಅಲ್ಲೇ ಕೂತು ಹೊಲಿಯುತ್ತಾರೆ.