ಒಟ್ಟು ಎಷ್ಟು ಸಿಕ್ಕಿತು ಅಲ್ಲ, ನೂರು ಗಾಳಕ್ಕೆ ಎಷ್ಟು

ಜಯನಗರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಟ್ಯೂನಾ, ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳು ಕಡಿಮೆಯಾದ ವಿಷಯವನ್ನು ಪ್ರತಿ ವರ್ಷ ತರಗತಿಗೆ ತರುತ್ತೇನೆ. ನಮ್ಮ ಮಕ್ಕಳಿಗೆ ಸಮುದ್ರ ಅಂದರೆ ರಜೆಯ ಗೋಕರ್ಣ, ಇಲ್ಲವೇ ಹೋಟೆಲಿನ ಅಂಜಲ್ ತವಾ ಫ್ರೈ. "ಮೀನು ಬರ್ತಾನೇ ಇದೆಯಲ್ಲ ಮ್ಯಾಮ್, ಕಡಿಮೆ ಆಗಿದ್ದೆಲ್ಲಿ?" ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಬೇಸಿನ್ನಿಗೆ ಅಕ್ಕಿ ಸುರಿದು ಒಣ ಅವರೆಕಾಳು ಬೆರೆಸುತ್ತೇನೆ. ಕಾಳೇ ಮೀನು. ಕಣ್ಣು ಮುಚ್ಚಿಕೊಂಡು ಚಮಚದಲ್ಲಿ ಮೊಗೆಯಬೇಕು. ಅಕ್ಕಿ ವಾಪಸ್ ಹಾಕಬಹುದು, ಕಾಳು ಹಾಕುವಂತಿಲ್ಲ. ಸುತ್ತಿನಿಂದ ಸುತ್ತಿಗೆ ಮೊಗೆಯುವವರು ಹೆಚ್ಚುತ್ತಾರೆ. ಬೋರ್ಡಿನ ಮೇಲೆ ಎರಡು ಗೆರೆ: ಒಟ್ಟು ಸಿಕ್ಕ ಕಾಳು, ಒಂದು ಚಮಚಕ್ಕೆ ಸಿಕ್ಕ ಕಾಳು. ಮೊದಲ ಗೆರೆ ಬಹಳ ಹೊತ್ತು ಬೀಳುವುದೇ ಇಲ್ಲ, ಚಮಚಗಳು ಹೆಚ್ಚುತ್ತಿವೆಯಲ್ಲ. ಎರಡನೆಯದು ಶುರುವಿನಿಂದಲೇ ಜಾರುತ್ತದೆ. ಮಾರುಕಟ್ಟೆಗೆ ಕಾಣುವುದು ಮೊದಲ ಗೆರೆ ಮಾತ್ರ.

ಆಮೇಲೆ ನಿಜವಾದ ಅಂಕಿ ಕೊಡುತ್ತೇನೆ. ಜಪಾನಿನ ಹಡಗುಗಳು 1950ರ ದಶಕದಿಂದ ಸಾವಿರಾರು ಗಾಳ ಕಟ್ಟಿದ ಉದ್ದನೆಯ ಹಗ್ಗಗಳನ್ನು ಸಾಗರಗಳಲ್ಲಿ ಬಿಡುತ್ತ, ಸಿಕ್ಕಿದ್ದನ್ನು ಬರೆದಿಟ್ಟಿದ್ದವು. ಆ ದಾಖಲೆ ಹಿಡಿದು ಸಮುದ್ರ ವಿಜ್ಞಾನಿಗಳಾದ ರ‍್ಯಾನ್ಸಮ್ ಮೈಯರ್ಸ್ ಮತ್ತು ಬೋರಿಸ್ ವರ್ಮ್ 2003ರಲ್ಲಿ ಹೇಳಿದ್ದು: ಹೊಸ ಜಾಗದಲ್ಲಿ ನೂರು ಗಾಳಕ್ಕೆ 6ರಿಂದ 12 ಮೀನು, ಸುಮಾರು ಹತ್ತು ವರ್ಷದಲ್ಲಿ 0.5ರಿಂದ 2. ದೊಡ್ಡ ಬೇಟೆ ಮೀನು ಉಳಿದಿರುವುದು ಶೇ. 10 ಎಂಬುದು ಅವರ ಅಂದಾಜು.

ಈ ಅಂದಾಜನ್ನು ಒಪ್ಪದ ಮೀನು ವಿಜ್ಞಾನಿಗಳೂ ಇದ್ದರು. ಪಾಠ ನಿಜಕ್ಕೂ ಕಾವೇರುವುದು ಇಲ್ಲಿ. ಕಾಳನ್ನು ಅಕ್ಕಿಯ ಒಂದೇ ಮೂಲೆಯಲ್ಲಿಟ್ಟು ಎಲ್ಲರೂ ಮೊದಲು ಅಲ್ಲೇ ಮೊಗೆದರೆ? ಅಥವಾ ಚಮಚ ಮೊದಲಿಗಿಂತ ಆಳಕ್ಕೆ ಹೋದರೆ? ಚಮಚದ ಲೆಕ್ಕಕ್ಕೂ ಬೇಸಿನ್ನಿನ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಇದನ್ನು ಮಕ್ಕಳೇ ಆಡಿ ಕಂಡುಕೊಳ್ಳಬೇಕು, ನಾನು ಬಾಯಿ ಹಾಕುವುದಿಲ್ಲ. ತಕರಾರು ಇರುವುದು ಎಷ್ಟು ಇಳಿಯಿತು ಎಂಬುದರ ಬಗ್ಗೆ. ಇಳಿದಿದೆ ಎಂಬುದರ ಬಗ್ಗೆ ಅಲ್ಲ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ (ರೇ) ಮೀನುಗಳು 1970ರಿಂದೀಚೆಗೆ ಶೇ. 71ರಷ್ಟು ಕುಸಿದಿವೆ ಎಂದು 2021ರ ಅಧ್ಯಯನ ತೋರಿಸಿದೆ. ಈ ಅಂಕಿ ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಕೊನೆಯ ಸುತ್ತುಗಳಲ್ಲಿ ಚಮಚ ಕಡಿಮೆ ಮಾಡಿ, ಮರಿ ಹಾಕಿದಂತೆ ಕಾಳು ಸೇರಿಸುತ್ತ ಹೋಗುತ್ತೇವೆ. ಹಿಡಿಯುವುದಕ್ಕೆ ಬಿಗಿಯಾದ ಮಿತಿ ಹಾಕಿದ ಮೇಲೆ ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ಚೇತರಿಸಿಕೊಂಡು, 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಅಳಿವಿನಂಚಿನ ವರ್ಗದಿಂದ ಹೊರಬಂತು. ಅದಕ್ಕೆ ಪ್ರತಿ ಸುತ್ತಿಗೂ ಒಂದು ಹಿಡಿ ಕಾಳು. ಶಾರ್ಕ್ ತಡವಾಗಿ ಬೆಳೆಯುತ್ತದೆ, ಹಾಕುವ ಮರಿಯೂ ಕಡಿಮೆ. ಅದಕ್ಕೆ ಒಂದೆರಡು ಕಾಳು ಸಾಕು.