ಗಂಡ ಬಿಟ್ಟುಹೋದಾಗ ಆಸ್ತಿ ಕಾಪಾಡಿಕೊಳ್ಳುವುದು ಹೇಗೆ?

ಗಂಡ ಬಿಟ್ಟುಹೋದ ಮೇಲೆ ಹೆಚ್ಚಿನವರು ಮೊದಲು ವಿಚಾರಿಸುವುದು ಜೀವನಾಂಶವನ್ನು. ಆದರೆ ಆ ಅರ್ಜಿ ಇತ್ಯರ್ಥವಾಗುವಷ್ಟರಲ್ಲಿ ಲಾಕರಿನ ಒಡವೆ ಖಾಲಿಯಾಗಿ, ಮನೆ ಬೇರೆಯವರಿಗೆ ಕ್ರಯವಾಗಿರುವುದುಂಟು. ಆದ್ದರಿಂದ ಆಸ್ತಿಯನ್ನು ಭದ್ರಪಡಿಸಿಕೊಳ್ಳುವುದೇ ಮೊದಲ ಕೆಲಸವಾಗಬೇಕು.

ಮೊದಲು ಪಟ್ಟಿ ಬರೆಯಿರಿ. ಮದುವೆಗೆ ಮುಂಚೆ, ಮದುವೆಯಲ್ಲಿ ಮತ್ತು ಆನಂತರ ತವರಿನವರಾಗಲಿ ಅತ್ತೆಮನೆಯವರಾಗಲಿ ನಿಮಗೆಂದು ಕೊಟ್ಟ ಉಡುಗೊರೆಯೆಲ್ಲ ಸ್ತ್ರೀಧನ. ಗಂಡನ ವಶದಲ್ಲಿದ್ದರೂ ಅದರ ಒಡೆತನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ‘ಚಿನ್ನದ ಸರ ಒಂದು’ ಎಂದರೆ ಸಾಲದು. ‘ಅವಲಕ್ಕಿ ಸರ, 32 ಗ್ರಾಂ, ಸೋದರಮಾವ ಕೊಟ್ಟದ್ದು, ಧಾರೆಯ ಫೋಟೊದಲ್ಲಿ ಕೊರಳಲ್ಲಿದೆ’ ಎಂದು ಒಂದೊಂದನ್ನೂ ಬಿಡಿಸಿ ಬರೆಯಿರಿ. ರಸೀದಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ. ಫೋಟೊ ಮತ್ತು ಕೊಟ್ಟವರ ಹೇಳಿಕೆಯೂ ಸಾಕ್ಷ್ಯವೇ.

ಮುಂದಿನದು ಅರ್ಜಿ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ; ಹೊಡೆತ ಬಡಿತವಷ್ಟೇ ಅಲ್ಲ, ಮನೆಖರ್ಚಿಗೆ ಕೊಡದಿರುವುದು ಮತ್ತು ಸ್ತ್ರೀಧನವನ್ನು ಮಾರುವುದು ಕೂಡ ಅದರ ಪ್ರಕಾರ ಆರ್ಥಿಕ ಹಿಂಸೆ. 12ನೇ ಕಲಮಿನಡಿ ನೇರವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅಥವಾ ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಯ ಮೂಲಕ ಅರ್ಜಿ ಹಾಕಬಹುದು. ತವರಿನಲ್ಲಿ ತಾತ್ಕಾಲಿಕವಾಗಿ ಉಳಿದಿದ್ದರೆ ಆ ಊರಿನ ನ್ಯಾಯಾಲಯದಲ್ಲೇ ಹಾಕಬಹುದೆಂಬುದು ಬಹಳ ಮಂದಿಗೆ ತಿಳಿದಿಲ್ಲ. ವಕೀಲರ ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಅರ್ಜಿಯಲ್ಲಿ ಏನು ಕೇಳುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನ್ಯಾಯಾಲಯದ ಅನುಮತಿಯಿಲ್ಲದೆ ಗಂಡ ಲಾಕರ್ ತೆರೆಯದಂತೆ, ಖಾತೆಯ ಹಣ ತೆಗೆಯದಂತೆ, ಆಸ್ತಿ ಪರಭಾರೆ ಮಾಡದಂತೆ 18ನೇ ಕಲಮಿನಡಿ ತಡೆ, ಅಂದರೆ ರಕ್ಷಣಾ ಆದೇಶ, ಕೋರಿ. ಒಟ್ಟಿಗೆ ಬಾಳಿದ ಮನೆಯ ಪತ್ರ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ. ಅದನ್ನೂ ಸ್ತ್ರೀಧನದ ವಾಪಸಾತಿಯನ್ನೂ 19ನೇ ಕಲಮಿನಡಿ ಕೇಳಿ. ಅಂತಿಮ ತೀರ್ಪಿನವರೆಗೆ ಕಾಯದೆ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) 23ನೇ ಕಲಮಿನ ಮಧ್ಯಂತರ ಆದೇಶವನ್ನು ಅರ್ಜಿ ಹಾಕಿದಂದೇ ಕೋರುವುದನ್ನು ಮಾತ್ರ ಮರೆಯಬೇಡಿ.

ಆದೇಶ ಸಿಕ್ಕ ದಿನವೇ ಪ್ರತಿಯನ್ನು ಬ್ಯಾಂಕಿಗೂ ಉಪನೋಂದಣಾಧಿಕಾರಿ ಕಚೇರಿಗೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಆಮೇಲೂ ಆಗಾಗ ಆಸ್ತಿಯ ಕ್ರಯ, ಅಡಮಾನಗಳ ವಿವರವಿರುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡುತ್ತಿರಿ. ರಕ್ಷಣಾ ಆದೇಶವನ್ನು ಮುರಿದದ್ದು ಕಂಡರೆ ತಕ್ಷಣ ದೂರು ಕೊಡಿ: ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.