ಖಾಲಿ ಸಾಲಿನ ಮಕ್ಕಳು

ಮೇಷ್ಟ್ರುಗಳೇ, ಟೀಚರ್‌ಗಳೇ, ಒಂದು ಸಣ್ಣ ಉಪಾಯ. ಮಕ್ಕಳ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಾ ಶಾಲೆ ಬಿಟ್ಟ ಮೇಲೆ, ಅವತ್ತು ಹೆಸರು ಹಿಡಿದು ಮಾತಾಡಿಸಿದ ಮಕ್ಕಳಿಗೆ ಮಾತ್ರ ಟಿಕ್ ಹಾಕಿ. ಶನಿವಾರ ಖಾಲಿ ಸಾಲುಗಳು ಎದ್ದು ಕಾಣುತ್ತವೆ. ನನಗಂತೂ ಮೊದಲ ವಾರ ನಾಚಿಕೆಯೇ ಆಯಿತು. ಎಲ್ಲರಿಗೂ ಕಲಿಸುತ್ತಿದ್ದೇನೆ ಅಂತ ಸುಮ್ನೆ ಅಂದುಕೊಂಡಿದ್ದೆ!

ಸೋಮವಾರ ಆ ಹೆಸರುಗಳಿಂದಲೇ ಶುರು ಮಾಡಿ. ಪ್ರಶ್ನೆ ಅವರ ಮನೆ ಕಡೆಯದಾಗಿರಲಿ. ನಮ್ಮ ಚಳ್ಳಕೆರೆ ಕಡೆ ಶೇಂಗಾ ಜಾಸ್ತಿ ಅಲ್ವಾ? ಭಾಗಾಕಾರ ಅಂದರೆ ತಲೆ ತಗ್ಗಿಸುತ್ತಿದ್ದ ಹುಡುಗನಿಗೆ, "ಒಂದು ಕ್ವಿಂಟಲ್ ಶೇಂಗಾ ತುಂಬೋಕೆ 25 ಕೆಜಿ ಚೀಲ ಎಷ್ಟು ಬೇಕಪ್ಪಾ?" ಅಂದೆ. "ನಾಲ್ಕು ಸಾರ್" ಅಂದ.

ಪ್ರಶ್ನೆ ಕೇಳಿದ ಮೇಲೆ, ಮಗು ಯೋಚಿಸಲಿ ಅಂತ, ಮನಸ್ಸಿನಲ್ಲೇ ಹತ್ತು ಎಣಿಸಿ, ಬಾಯಿ ಬಿಡಬೇಡಿ. ನಮ್ಮಂಥವರಿಗೆ ಅದೇ ಕಷ್ಟ.